ಮೆಣಸಿನಕಾಯಿಯ ಖಾರ: ಅದರ ಅಳತೆಯೂ ಬೆಳೆಗಾರರು ಬೀಜದ ವಿಷಯದಲ್ಲಿ ಅನುಸರಿಸತಕ್ಕ ಕ್ರಮವೂ

ಎಲ್ಲಾ ಮೆಣಸಿನಕಾಯಿಗಳಿಗಿಂತಲೂ ಹೆಚ್ಚು ಖಾರವಾದುದು ಯಾವುದೆಂಬ ವಾದವು ಸಂತೆಯಲ್ಲಿಯೂ ಚಾವಡಿಯಲ್ಲಿಯೂ ಆಗಾಗ್ಗೆ ನಡೆಯುವುದುಂಟು. ಮಲೆನಾಡಿನವರು ತಮ್ಮ ಹಿತ್ತಲಿನ ಸೂಜಿಮೆಣಸಿಗೆ ಸಮನಾದುದಿಲ್ಲವೆನ್ನುತ್ತಾರೆ. ಬಯಲುಸೀಮೆಯವರು ಗುಂಟೂರು ಕಾಯಿಯನ್ನು ಮುಂದಿಡುತ್ತಾರೆ. ಅಸ್ಸಾಮಿನ ಕಡೆಗೆ ಹೋಗಿಬಂದವರು ಅಲ್ಲಿಯ ಭೂತ್ ಜೊಲೊಕಿಯಾ ಎಂಬ ಕಾಯಿಯ ಮುಂದೆ ಇವೆರಡೂ ಸಪ್ಪೆಯೆಂದು ಸಾಧಿಸುತ್ತಾರೆ. ಪರದೇಶಗಳಲ್ಲಿ ಈ ವಾದವನ್ನೇ ಹವ್ಯಾಸವಾಗಿ ಮಾಡಿಕೊಂಡು, ವರ್ಷಕ್ಕೊಂದು ಹೊಸ ತಳಿಯನ್ನು ಎಬ್ಬಿಸಿ, ತಮ್ಮದೇ ಮೇಲೆಂದು ಸಾರುವವರು ಅನೇಕರಿದ್ದಾರೆ.

ಈ ವಾದವನ್ನು ಬರಿಯ ಕಾಲಹರಣದ ಮಾತೆಂದು ತಳ್ಳಿಬಿಡುವಂತಿಲ್ಲ. ಖಾರ ಹೆಚ್ಚಾದ ಕಾಯಿಯೇ ಉತ್ತಮವಾದ ಕಾಯಿಯೆಂಬ ಭಾವನೆಯಿಂದ ರೈತನು ಕಂಡಕಂಡ ಬೀಜವನ್ನು ತಂದು ಬಿತ್ತಿದರೆ, ಅವನ ಹೊಲದ ಹಳೆಯ ತಳಿಯೂ ನೆರೆಯವರ ತಳಿಯೂ ಕೆಲವೇ ವರ್ಷಗಳಲ್ಲಿ ಕಲಬೆರಕೆಯಾಗಿ ಕೆಟ್ಟುಹೋಗುವ ಸಂಭವವುಂಟು. ಒಮ್ಮೆ ಕೆಟ್ಟ ತಳಿಯನ್ನು ಸರಿಪಡಿಸುವುದು ಬಹು ಕಷ್ಟ. ಆದಕಾರಣ ಖಾರವೆಂಬುದೇನು, ಅದನ್ನು ಅಳೆಯುವ ಬಗೆ ಹೇಗೆ, ಅದಕ್ಕೂ ಕಾಯಿಯ ಬೆಲೆಗೂ ಇರುವ ಸಂಬಂಧವೆಂಥಾದ್ದು ಎಂಬುದನ್ನು ಜಮೀನ್ದಾರರೂ ಗ್ರಾಮದ ಮುಖ್ಯಸ್ಥರೂ ತಿಳಿದಿರುವುದು ಅವಶ್ಯಕವಾಗಿರುತ್ತದೆ.

೧. ಖಾರವೆಂಬುದೇನು?

ಮೆಣಸಿನ ಗಿಡವು ಈ ದೇಶದ ಮೂಲದ್ದಲ್ಲ. ಅದರ ತೌರು ಅಮೆರಿಕಾ ಖಂಡ. ೧೪೯೨ರಲ್ಲಿ ಕೊಲಂಬಸನು ಆ ಖಂಡವನ್ನು ಮುಟ್ಟಿದ ತರುವಾಯ, ಪೋರ್ತುಗೀಸ್ ವರ್ತಕರ ಹಡಗುಗಳ ಮೂಲಕ ಇದು ಇಂಡಿಯಾದ ಪಶ್ಚಿಮ ತೀರಕ್ಕೆ ಬಂದಿತು. ಅದಕ್ಕೆ ಮೊದಲು ಅಡಿಗೆಗೆ ಖಾರವನ್ನು ಕೊಡುತ್ತಿದ್ದುದರಲ್ಲಿ ಬಳ್ಳಿಯ ಮೆಣಸೇ ಮುಖ್ಯವಾದುದು. ಹೊಸದಾಗಿ ಬಂದ ಕಾಯಿಗೂ ಜನರು ಆ ಹೆಸರನ್ನೇ ಸೇರಿಸಿ ಮೆಣಸಿನಕಾಯಿಯೆಂದು ಕರೆದರು. ಆದರೆ ಇವೆರಡರ ಖಾರಕ್ಕೆ ಕಾರಣವಾದ ವಸ್ತುಗಳು ಬೇರೆ ಬೇರೆ.

ಮೆಣಸಿನಕಾಯಿಯಲ್ಲಿ ಖಾರವನ್ನುಂಟುಮಾಡುವ ಮುಖ್ಯ ವಸ್ತುವಿಗೆ ಕ್ಯಾಪ್ಸೈಸಿನ್ ಎಂದು ಹೆಸರು. ೧೮೭೬ರಲ್ಲಿ ಥ್ರೆಶ್ ಎಂಬ ಇಂಗ್ಲಿಷ್ ರಸಾಯನಜ್ಞನು ಇದನ್ನು ಬಹುಮಟ್ಟಿಗೆ ಶುದ್ಧರೂಪದಲ್ಲಿ ಬೇರ್ಪಡಿಸಿ ಈ ಹೆಸರನ್ನಿಟ್ಟನು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೀರಿನಲ್ಲಿ ಕರಗುವುದು ಅತ್ಯಲ್ಪ. ಎಣ್ಣೆಯಲ್ಲಿಯೂ ಮದ್ಯಸಾರದಲ್ಲಿಯೂ ಚೆನ್ನಾಗಿ ಕರಗುತ್ತದೆ. ಖಾರ ಹತ್ತಿದಾಗ ಎಷ್ಟು ನೀರು ಕುಡಿದರೂ ಉರಿ ತಗ್ಗದಿರುವುದಕ್ಕೂ, ಹಾಲು ಮಜ್ಜಿಗೆಗಳು ಬೇಗ ಶಮನಮಾಡುವುದಕ್ಕೂ ಇದೇ ಕಾರಣ.

ಖಾರವು ಬೀಜದಲ್ಲಿರುತ್ತದೆಂಬುದು ಸಾಮಾನ್ಯವಾದ ನಂಬಿಕೆ. ಇದು ಸರಿಯಲ್ಲ. ಬೀಜಗಳು ಕಚ್ಚಿಕೊಂಡಿರುವ ಒಳಗಿನ ಬಿಳಿಯ ತಿರುಳಿನಲ್ಲಿ ಕ್ಯಾಪ್ಸೈಸಿನ್ ಉತ್ಪತ್ತಿಯಾಗುತ್ತದೆ. ಬೀಜಕ್ಕೆ ತಗಲುವ ಖಾರವೆಲ್ಲಾ ಆ ತಿರುಳಿನಿಂದ ಅಂಟಿದ್ದೇ ಆಗಿದೆ. ಅತಿ ಖಾರವಾದ ಕೆಲವು ತಳಿಗಳಲ್ಲಿ ಮಾತ್ರ ಕಾಯಿಯ ಸಿಪ್ಪೆಯ ಒಳಮೈಯಲ್ಲಿಯೂ ಈ ವಸ್ತುವಿನ ಸಣ್ಣ ಗುಳ್ಳೆಗಳಿರುತ್ತವೆ.

ಖಾರವು ಸಿಹಿ, ಹುಳಿ, ಕಹಿಗಳಂತೆ ನಾಲಗೆಯ ರುಚಿಯಲ್ಲವೆಂಬುದನ್ನೂ ತಿಳಿಯತಕ್ಕದ್ದು. ಬಿಸಿಯನ್ನೂ ನೋವನ್ನೂ ತಿಳಿಸುವ ನರಗಳ ತುದಿಯನ್ನು ಕ್ಯಾಪ್ಸೈಸಿನ್ ಕೆರಳಿಸುತ್ತದೆ. ಅದರಿಂದ ಸುಟ್ಟಂತೆ ತೋರುತ್ತದೆಯೇ ಹೊರತು ನಿಜವಾಗಿ ಸುಡುವುದಿಲ್ಲ. ೧೯೯೭ರಲ್ಲಿ ಡೇವಿಡ್ ಜೂಲಿಯಸ್ ಎಂಬ ಅಮೆರಿಕಾದ ವಿದ್ವಾಂಸನೂ ಅವನ ಸಂಗಡಿಗರೂ ಈ ನರಗಳಲ್ಲಿ ಕ್ಯಾಪ್ಸೈಸಿನ್ ಹತ್ತುವ ಸ್ಥಾನವನ್ನು ಕಂಡುಹಿಡಿದರು. ಉಷ್ಣ ಮತ್ತು ಸ್ಪರ್ಶಗಳ ಜ್ಞಾನದ ಶೋಧನೆಗಳಿಗಾಗಿ ಕೊಟ್ಟ ೨೦೨೧ರ ನೊಬೆಲ್ ಬಹುಮಾನದಲ್ಲಿ ಅವನಿಗೆ ಪಾಲು ದೊರೆಯಿತು. ಹಕ್ಕಿಗಳಿಗೆ ಈ ಖಾರವು ಹತ್ತುವುದಿಲ್ಲ. ಗಿಣಿಗಳು ಹಣ್ಣುಮೆಣಸಿನಕಾಯಿಯನ್ನು ನಿರಾತಂಕವಾಗಿ ತಿನ್ನುವುದನ್ನು ರೈತರೆಲ್ಲರೂ ಕಂಡಿರುತ್ತಾರೆ. ಹಕ್ಕಿಗಳು ಬೀಜವನ್ನು ಅಗಿಯದೆ ನುಂಗಿ ದೂರಕ್ಕೆ ಹರಡುವುದರಿಂದ ಇದು ಗಿಡಕ್ಕೆ ಅನುಕೂಲವೇ ಆಗಿದೆ.

೨. ಖಾರವನ್ನು ಅಳೆಯುವ ಕ್ರಮ

ನಾಲಗೆಯೊಂದನ್ನೇ ನಂಬಿ ವಾದಮಾಡಿದರೆ ತೀರ್ಮಾನವಾಗಲಾರದು. ಒಬ್ಬನಿಗೆ ಕಣ್ಣೀರು ತರಿಸುವ ಕಾಯಿಯು, ಅಭ್ಯಾಸವಿರುವ ಮತ್ತೊಬ್ಬನಿಗೆ ಸಾಧಾರಣವಾಗಿ ತೋರುವುದು.

೧೯೧೨ರಲ್ಲಿ ಅಮೆರಿಕಾದ ಡೆಟ್ರಾಯ್ಟ್ ನಗರದ ಔಷಧಿ ಕಾರ್ಖಾನೆಯೊಂದರಲ್ಲಿದ್ದ ವಿಲ್ಬರ್ ಸ್ಕೋವಿಲ್ ಎಂಬ ರಸಾಯನಜ್ಞನು ಒಂದು ಉಪಾಯವನ್ನು ಪ್ರಕಟಿಸಿದನು. ಒಣಗಿದ ಮೆಣಸಿನಕಾಯಿಯ ಪುಡಿಯನ್ನು ಮದ್ಯಸಾರದಲ್ಲಿ ನೆನೆಯಿಟ್ಟು ರಸ ತೆಗೆದು, ಅದಕ್ಕೆ ಸಕ್ಕರೆಯ ನೀರನ್ನು ಸೇರಿಸುತ್ತಾ ಹೋಗುವುದು. ಪರೀಕ್ಷಕರು ಅದನ್ನು ಸವಿದು, ಖಾರವು ತಿಳಿಯದಂತಾಗುವವರೆಗೆ ತೆಳುವುಮಾಡುವುದು. ಒಂದು ಭಾಗ ಕಾಯಿಗೆ ೩೦,೦೦೦ ಭಾಗ ಸಕ್ಕರೆಯ ನೀರು ಬೇಕಾದರೆ ಆ ಕಾಯಿಯ ಖಾರವು ೩೦,೦೦೦ ಸ್ಕೋವಿಲ್ ಎಂದು ಎಣಿಸುವುದು. ಈ ಹೆಸರು ಇಂದಿಗೂ ಬಳಕೆಯಲ್ಲಿದೆ.

ಈ ಕ್ರಮದಲ್ಲಿ ಒಂದು ಕೊರತೆಯುಂಟು. ಪರೀಕ್ಷಕರ ನಾಲಗೆಗಳು ಒಂದೇ ಸಮನಾಗಿರುವುದಿಲ್ಲ. ಮೇಲಾಗಿ ನಾಲ್ಕಾರು ಬಾರಿ ಸವಿದ ಮೇಲೆ ನಾಲಗೆಯು ಜಡವಾಗುತ್ತದೆ. ೧೯೭೭ರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದ ವಿ. ಎಸ್. ಗೋವಿಂದರಾಜನ್ ಮತ್ತು ಸಂಗಡಿಗರು ಸವಿನೋಟದ ಈ ಕ್ರಮವನ್ನು ಕಟ್ಟುಪಾಡಿಗೆ ಒಳಪಡಿಸಿ ಉತ್ತಮಗೊಳಿಸಿದರು. ಈಗ ಪ್ರಯೋಗಶಾಲೆಗಳಲ್ಲಿ ಕಾಯಿಯ ರಸವನ್ನು ಯಂತ್ರದ ಸೂಕ್ಷ್ಮ ಕೊಳವೆಯಲ್ಲಿ ಒತ್ತಡದಿಂದ ಹಾಯಿಸಿ, ಅದರಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ, ಖಾರದ ವಸ್ತುವಿನ ಪ್ರಮಾಣವನ್ನು ನೇರವಾಗಿ ಅಳೆಯುತ್ತಾರೆ. ಶುದ್ಧವಾದ ಕ್ಯಾಪ್ಸೈಸಿನ್ನಿಗೆ ೧ ಕೋಟಿ ೬೦ ಲಕ್ಷ ಸ್ಕೋವಿಲ್ ಎಂದು ಇಟ್ಟುಕೊಂಡಿರುವುದರಿಂದ, ಒಣಗಿದ ಕಾಯಿಯಲ್ಲಿ ನೂರಕ್ಕೆ ಒಂದು ಪಾಲು ಕ್ಯಾಪ್ಸೈಸಿನ್ ಇದ್ದರೆ ಅದು ೧,೬೦,೦೦೦ ಸ್ಕೋವಿಲ್ ಆಗುತ್ತದೆ.

ಈ ಲೆಕ್ಕದ ಮೇರೆಗೆ ಕೆಲವು ಕಾಯಿಗಳ ಖಾರವು ಸುಮಾರಾಗಿ ಹೀಗಿರುತ್ತದೆ:

ದೊಣ್ಣೆ ಮೆಣಸಿನಕಾಯಿ: ಸೊನ್ನೆ.
ಮೆಕ್ಸಿಕೋ ದೇಶದ ಹಲಪೇನ್ಯೊ: ೨,೫೦೦ರಿಂದ ೮,೦೦೦.
ಗುಂಟೂರು ಸನ್ನಂ (ನೂರಕ್ಕೆ ೦.೨೨೬ ಪಾಲು ಕ್ಯಾಪ್ಸೈಸಿನ್): ೩೬,೦೦೦.
ಸೂಜಿಮೆಣಸಿನ ಬಳಗದ ಬಿಳಿಯ ಗಾಂಧಾರಿ (ನೂರಕ್ಕೆ ಅರ್ಧ ಪಾಲು): ೮೦,೦೦೦.
ಅಮೆರಿಕಾ ಖಂಡದ ಹಬನೇರೊ: ೧ ಲಕ್ಷದಿಂದ ೩.೫ ಲಕ್ಷ.
ಅಸ್ಸಾಮು, ನಾಗಾಲ್ಯಾಂಡುಗಳ ಭೂತ್ ಜೊಲೊಕಿಯಾ: ೧೦ ಲಕ್ಷ.

ಬ್ಯಾಡಗಿ ಕಾಯಿಯ ಖಾರವು ಗುಂಟೂರಿನದಕ್ಕಿಂತ ಬಹಳ ಕಡಿಮೆ. ಚಾವಡಿಯ ವಾದದ ಮಟ್ಟಿಗೆ ಹೇಳುವುದಾದರೆ, ಗುಂಟೂರು ಕಾಯಿಗಿಂತ ಸೂಜಿಮೆಣಸಿನ ಬಳಗವು ಮೇಲು. ಅಸ್ಸಾಮಿನ ಕಾಯಿಯು ಇವೆರಡನ್ನೂ ಬಹುದೂರ ಹಿಂದೆ ಹಾಕುತ್ತದೆ.

೩. ಅತ್ಯಂತ ಖಾರವಾದ ತಳಿಯ ವಿಷಯದಲ್ಲಿ ನಡೆದ ವಾದ

೧೯೯೪ರಲ್ಲಿ ಅಮೆರಿಕಾದ ಕ್ಯಾಲಿಫೋರ್ನಿಯಾ ಪ್ರಾಂತದ ರೆಡ್ ಸವಿನಾ ಎಂಬ ಹಬನೇರೊ ತಳಿಗೆ ೫,೭೭,೦೦೦ ಸ್ಕೋವಿಲ್ ಎಂದು ಗಿನ್ನೆಸ್ ದಾಖಲೆಯ ಪುಸ್ತಕದಲ್ಲಿ ಮೊದಲ ಸ್ಥಾನ ದೊರೆಯಿತು. ೨೦೦೦ದಲ್ಲಿ ಅಸ್ಸಾಮಿನ ತೇಜಪುರದಲ್ಲಿರುವ ರಕ್ಷಣಾ ಸಂಶೋಧನಾಲಯದವರು ಆ ಸೀಮೆಯ ಕಾಯಿಯೊಂದರ ಖಾರವು ೮,೫೫,೦೦೦ ಎಂದು ಪ್ರಕಟಿಸಿದರು. ಪರದೇಶಗಳಲ್ಲಿ ಅನೇಕರು ಇದನ್ನು ನಂಬಲಿಲ್ಲ.

ಅಮೆರಿಕಾದ ನ್ಯೂ ಮೆಕ್ಸಿಕೋ ಸ್ಟೇಟ್ ವಿಶ್ವವಿದ್ಯಾನಿಲಯದ ಪಾಲ್ ಬೋಸ್ಲಂಡ್ ಎಂಬುವರು ವಾದಕ್ಕಿಳಿಯದೆ, ಭೂತ್ ಜೊಲೊಕಿಯಾದ ಬೀಜವನ್ನು ತರಿಸಿ, ಅದನ್ನೂ ರೆಡ್ ಸವಿನಾವನ್ನೂ ಸಾಧಾರಣ ಹಬನೇರೊ ತಳಿಯನ್ನೂ ಜೊತೆಯಲ್ಲಿಯೇ ಬೆಳೆಸಿ ಅಳೆದುನೋಡಿದರು. ಭೂತ್ ಜೊಲೊಕಿಯಾ ೧೦,೦೧,೩೦೪ ಬಂದಿತು. ಸಾಧಾರಣ ಹಬನೇರೊ ೩,೫೭,೭೨೯ ಬಂದಿತು. ಅದುವರೆಗೆ ಮೊದಲ ಸ್ಥಾನದಲ್ಲಿದ್ದ ರೆಡ್ ಸವಿನಾ ಬರಿಯ ೨,೪೮,೫೫೬ ಬಂದಿತು. ಈ ಫಲಿತಾಂಶವು ೨೦೦೭ರಲ್ಲಿ ಪ್ರಕಟವಾಯಿತು.

ರೈತರು ಈ ಸಂಗತಿಯನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳತಕ್ಕದ್ದು. ಒಂದು ಕಡೆ ೫,೭೭,೦೦೦ ಬಂದ ತಳಿಯೇ ಮತ್ತೊಂದು ಕಡೆ ಅದರ ಅರ್ಧಕ್ಕಿಂತ ಕಡಿಮೆಯಾಯಿತು. ಇಲ್ಲಿ ಒಂದು ಅಳತೆ ಸುಳ್ಳು, ಮತ್ತೊಂದು ನಿಜವೆಂದು ಹೇಳಬೇಕಾದುದಿಲ್ಲ. ಬೇರೆ ಬೇರೆ ಹೊಲ, ಬೇರೆ ಬೇರೆ ವರ್ಷ, ಬೇರೆ ಬೇರೆ ಗಿಡಗಳ ಕಾಯಿಗಳನ್ನು ಹೋಲಿಸುವುದರಿಂದ ಯಾವುದೂ ಸಿದ್ಧವಾಗುವುದಿಲ್ಲವೆಂಬುದೇ ಇದರ ತಾತ್ಪರ್ಯ.

ತರುವಾಯದ ವರ್ಷಗಳಲ್ಲಿ ಸ್ಪರ್ಧೆಯು ಮತ್ತಷ್ಟು ಬೆಳೆಯಿತು. ೨೦೧೨ರಲ್ಲಿ ಟ್ರಿನಿಡಾಡ್ ದ್ವೀಪದ ಮೊರುಗಾ ಸ್ಕಾರ್ಪಿಯನ್ ಎಂಬ ತಳಿಯು ಸರಾಸರಿ ೧೨ ಲಕ್ಷಕ್ಕೆ ಮೇಲ್ಪಟ್ಟು ಬಂದಿತು. ಅದರ ಒಂದೊಂದು ಗಿಡವು ೨೦ ಲಕ್ಷವನ್ನೂ ದಾಟಿತು. ೨೦೧೩ರಲ್ಲಿ ಅಮೆರಿಕಾದ ಕ್ಯಾರೊಲಿನಾ ರೀಪರ್ ೧೫,೬೯,೩೦೦ ಎಂದೂ, ೨೦೧೭ರಲ್ಲಿ ಅದೇ ತಳಿಯು ೧೬,೪೧,೧೮೩ ಎಂದೂ ದಾಖಲಾಯಿತು. ೨೦೨೩ರಲ್ಲಿ ಅದನ್ನು ಬೆಳೆಸಿದ ಎಡ್ ಕರ್ರಿಯವರದೇ ಆದ ಪೆಪ್ಪರ್ ಎಕ್ಸ್ ಎಂಬ ತಳಿಗೆ ೨೬,೯೩,೦೦೦ ಎಂದು ಗಿನ್ನೆಸ್ ಪುಸ್ತಕದಲ್ಲಿ ಮೊದಲ ಸ್ಥಾನವು ಸಂದಿತು.

ಇಂಥ ಅಂಕಿಗಳನ್ನು ಕೇಳಿದಾಗ ಮೂರು ಪ್ರಶ್ನೆಗಳನ್ನು ಹಾಕತಕ್ಕದ್ದು. ಮೊದಲನೆಯದು, ಅಂಕಿಯು ಒಂದೇ ಕಾಯಿಯದೋ ಅಥವಾ ಅನೇಕ ಗಿಡಗಳ ಸರಾಸರಿಯೋ? ಎರಡನೆಯದು, ಒಣಗಿದ ಕಾಯಿಯ ತೂಕದ ಮೇಲೆ ಲೆಕ್ಕಮಾಡಿದುದೋ ಅಥವಾ ಹಸಿಯ ಕಾಯಿಯ ತೂಕದ ಮೇಲೋ? ಹಸಿಯ ಕಾಯಿಯಲ್ಲಿ ನೀರೇ ಬಹುಪಾಲಾದುದರಿಂದ, ಕಾಯಿ ಒಂದೇ ಆದರೂ ಅಂಕಿಗಳು ಹಲವು ಪಟ್ಟು ವ್ಯತ್ಯಾಸವಾಗುತ್ತವೆ. ಮೂರನೆಯದು, ಹೋಲಿಸಿದ ತಳಿಗಳನ್ನು ಒಂದೇ ಹೊಲದಲ್ಲಿ ಒಂದೇ ಕಾಲದಲ್ಲಿ ಬೆಳೆಸಿದ್ದರೋ? ಈ ಮೂರಕ್ಕೆ ಉತ್ತರವಿಲ್ಲದ ಅಂಕಿಯನ್ನು ನಂಬಿ ಬೀಜಕ್ಕೆ ಹಣ ಕೊಡಬಾರದು.

೪. ಒಂದೇ ತಳಿಯಲ್ಲಿ ಖಾರವು ಹೆಚ್ಚು ಕಡಿಮೆಯಾಗುವ ಕಾರಣಗಳು

ಖಾರದ ಮಟ್ಟವನ್ನು ಮುಖ್ಯವಾಗಿ ನಿರ್ಣಯಿಸುವುದು ತಳಿಯೇ. ಆದರೂ ಹವೆ, ನೀರು, ಕಾಯಿಯ ಬಲಿತ ಇವುಗಳಿಂದಲೂ ವ್ಯತ್ಯಾಸವುಂಟಾಗುತ್ತದೆ. ಕಾಯಿ ಕಚ್ಚಿದ ಕೆಲವು ವಾರಗಳ ಮೇಲೆ ಖಾರದ ವಸ್ತುವು ಕೂಡಲಾರಂಭಿಸಿ, ಕಾಯಿ ಪೂರ್ಣವಾಗಿ ಬಲಿಯುವ ಹೊತ್ತಿಗೆ ಅತ್ಯಧಿಕವಾಗಿ, ಆಮೇಲೆ ಸ್ವಲ್ಪ ಇಳಿಯುವುದು. ಸೆಕೆ ಹೆಚ್ಚಾದಾಗಲೂ ನೀರಿನ ಕೊರತೆಯಾದಾಗಲೂ ಅನೇಕ ತಳಿಗಳಲ್ಲಿ ಖಾರವು ಹೆಚ್ಚುತ್ತದೆ. ಹಾಗೆಂದು ಖಾರಕ್ಕಾಗಿ ಗಿಡವನ್ನು ಒಣಗಿಸುವುದು ಜಾಣತನವಲ್ಲ. ಹೂ ಉದುರಿ, ಕಾಯಿ ಸಣ್ಣದಾಗಿ, ತೂಕದಲ್ಲಿ ಆಗುವ ನಷ್ಟವು ಲಾಭಕ್ಕಿಂತ ಹೆಚ್ಚಾಗುತ್ತದೆ.

೫. ಖಾರ, ಬಣ್ಣ ಮತ್ತು ಬೆಲೆ

ಕಾಯಿಯ ಕೆಂಪು ಬಣ್ಣಕ್ಕೂ ಖಾರಕ್ಕೂ ಸಂಬಂಧವಿಲ್ಲ. ಬಣ್ಣವು ಕ್ಯಾಪ್ಸಾಂಥಿನ್ ಮೊದಲಾದ ಬೇರೆ ವಸ್ತುಗಳಿಂದ ಉಂಟಾಗುತ್ತದೆ. ಅದು ಇರುವುದು ಸಿಪ್ಪೆಯಲ್ಲಿ. ಖಾರವಿರುವುದು ಒಳಗಿನ ತಿರುಳಿನಲ್ಲಿ. ಆದ್ದರಿಂದ ಒಂದು ಹೆಚ್ಚಾಗಿ ಮತ್ತೊಂದು ಕಡಿಮೆಯಾಗಿರಬಹುದು. ವ್ಯಾಪಾರದಲ್ಲಿ ಬಣ್ಣಕ್ಕೂ ಒಂದು ಅಳತೆಯುಂಟು. ಆ ಅಳತೆಯಲ್ಲಿ ಗುಂಟೂರು ಸನ್ನಂ ಕಾಯಿಯು ೩೦ರ ಆಸುಪಾಸಿನಲ್ಲಿದ್ದರೆ, ಬ್ಯಾಡಗಿ ಕಾಯಿಯು ೧೫೦ಕ್ಕೆ ಮೇಲ್ಪಟ್ಟು ಬರುತ್ತದೆ.

ಬ್ಯಾಡಗಿ ಕಾಯಿಗೆ ಬೆಲೆಯಿರುವುದು ಈ ಬಣ್ಣದಿಂದ. ಸಾರು, ಪಲ್ಯ, ಮಸಾಲೆಗಳಿಗೆ ಅದು ಉರಿಯಿಲ್ಲದೆ ಕೆಂಪನ್ನು ಕೊಡುತ್ತದೆ. ಕಾರ್ಖಾನೆಗಳಲ್ಲಿ ಅದರಿಂದ ತೆಗೆದ ಬಣ್ಣದ ಸತ್ವವು ಆಹಾರ ಪದಾರ್ಥಗಳಿಗೂ ತುಟಿಯ ಬಣ್ಣ ಮೊದಲಾದ ಅಲಂಕಾರ ಸಾಮಗ್ರಿಗಳಿಗೂ ಉಪಯೋಗವಾಗುತ್ತದೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಯಲ್ಲಿ ಕಾಯಿಯನ್ನು ಡಬ್ಬಿ, ಕಡ್ಡಿ, ಗುಂಟೂರು ಎಂದು ವಿಂಗಡಿಸುತ್ತಾರೆ. ಡಬ್ಬಿಯು ಗಿಡ್ಡವಾಗಿ ದುಂಡಗಿದ್ದು ಬೀಜ ಹೆಚ್ಚಾಗಿರುತ್ತದೆ. ಕಡ್ಡಿಯು ಉದ್ದವಾಗಿ ಸುಕ್ಕುಬಿದ್ದಿದ್ದು ಬೀಜ ಕಡಿಮೆಯಾಗಿರುತ್ತದೆ. ಸಾಮಾನ್ಯವಾಗಿ ಡಬ್ಬಿಗೆ ಹೆಚ್ಚಿನ ಬೆಲೆಯೂ, ಮೂರರಲ್ಲಿ ಹೆಚ್ಚು ಖಾರವಾದ ಗುಂಟೂರಿಗೆ ಕಡಿಮೆ ಬೆಲೆಯೂ ದೊರೆಯುತ್ತದೆ. ಖಾರವೇ ಬೆಲೆಯೆಂಬ ಭಾವನೆಯು ಎಷ್ಟು ತಪ್ಪೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

೨೦೧೧ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಕಾಯಿದೆಯ ರಕ್ಷಣೆ ದೊರೆಯಿತು. ನಾಗಾಲ್ಯಾಂಡಿನ ಕಾಯಿಗೆ ಅದು ೨೦೦೮ರಲ್ಲಿಯೇ ದೊರೆತಿತ್ತು. ಒಂದು ಕಾಯಿಯು ಬಣ್ಣದಿಂದಲೂ, ಮತ್ತೊಂದು ಖಾರದಿಂದಲೂ ಹೆಸರಾಗಿವೆ. ಹೀಗೆ ಹೆಸರಿಗೆ ರಕ್ಷಣೆಯಿದ್ದರೂ ಹೊಲದಲ್ಲಿ ತಳಿಯೇ ಉಳಿಯದಿದ್ದರೆ ಪ್ರಯೋಜನವಿಲ್ಲ. ಬೆಲೆಯು ಬೆಳೆಗಾರನ ಕೈಯಲ್ಲಿಲ್ಲವೆಂಬುದು ನಿಜ. ೨೦೨೪ರ ಮಾರ್ಚಿ ೧೧ರಂದು ಬ್ಯಾಡಗಿಯಲ್ಲಿ ಬೆಲೆಯು ಒಮ್ಮೆಗೇ ಕುಸಿಯಿತೆಂದು ರೈತರು ರೊಚ್ಚಿಗೆದ್ದು, ಮಾರುಕಟ್ಟೆಯ ಕಚೇರಿಗೆ ಹಾನಿಯಾಗಿ ವಾಹನಗಳು ಸುಟ್ಟುಹೋದುವು. ಆದರೆ ತಳಿಯ ಶುದ್ಧತೆಯೂ ಕಾಯಿಯ ಅಚ್ಚುಕಟ್ಟೂ ಬೆಳೆಗಾರನ ಕೈಯಲ್ಲಿಯೇ ಇವೆ. ಬೆಲೆಯಿಳಿದ ಕಾಲದಲ್ಲಿ ಮೊದಲು ತಿರಸ್ಕೃತವಾಗುವುದು ಕಲಬೆರಕೆಯ ಕಾಯಿ.

೬. ಬೀಜದ ವಿಷಯದಲ್ಲಿ ಎಚ್ಚರಿಕೆ

ಖಾರದ ಗಿಡದ ಪಕ್ಕದಲ್ಲಿ ಸಪ್ಪೆಯ ಗಿಡವನ್ನು ನೆಟ್ಟರೆ ಅದೇ ವರ್ಷ ಸಪ್ಪೆಯ ಗಿಡದ ಕಾಯಿಯೂ ಖಾರವಾಗುತ್ತದೆಂದು ಕೆಲವರು ಹೇಳುವುದುಂಟು. ಹಾಗಾಗುವುದಿಲ್ಲ. ಕಾಯಿಯ ತಿರುಳು ತಾಯಿಗಿಡದ ಭಾಗವಾದುದರಿಂದ, ಅದರ ಖಾರವು ತಾಯಿಗಿಡದ ಗುಣವನ್ನನುಸರಿಸುವುದು. ಕೆಡುವುದು ಒಳಗಿನ ಬೀಜ. ಜೇನು ಮೊದಲಾದ ಕೀಟಗಳು ಒಂದು ಗಿಡದ ಪರಾಗವನ್ನು ಮತ್ತೊಂದಕ್ಕೆ ತರುತ್ತವೆ. ಆ ಬೀಜವನ್ನು ಮರುವರ್ಷ ಬಿತ್ತಿದಾಗ ಮಿಶ್ರತಳಿಯ ಗಿಡ ಹುಟ್ಟುತ್ತದೆ. ಮೊದಲ ವರ್ಷ ಏನೂ ಕಾಣದಿರುವುದರಿಂದಲೇ ರೈತರು ಮೋಸಹೋಗುತ್ತಾರೆ.

ಆದ್ದರಿಂದ ಸ್ವಂತ ಬೀಜವನ್ನು ಇಟ್ಟುಕೊಳ್ಳುವವರು ಈ ಕ್ರಮವನ್ನು ಅನುಸರಿಸತಕ್ಕದ್ದು:

(ಅ) ಬೀಜದ ಹೊಲಕ್ಕೂ ಬೇರೆ ತಳಿಯ ಮೆಣಸಿನ ಹೊಲಕ್ಕೂ ನಡುವೆ ಅಂತರವಿರಬೇಕು. ಪ್ರಮಾಣಿತ ಬೀಜಕ್ಕೆ ೨೦೦ ಮೀಟರೂ, ಮೂಲಬೀಜಕ್ಕೆ ೪೦೦ ಮೀಟರೂ ಎಂದು ಬೀಜದ ನಿಬಂಧನೆಗಳಲ್ಲಿ ಹೇಳಿದೆ.

(ಆ) ಅಷ್ಟು ಜಾಗವಿಲ್ಲದವರು ಆರಿಸಿದ ಗಿಡಗಳಿಗೆ ಹೂ ಅರಳುವ ಮೊದಲೇ ತೆಳುವಾದ ಬಟ್ಟೆಯನ್ನು ಮುಸುಕತಕ್ಕದ್ದು. ಮೆಣಸಿನ ಹೂವು ತನ್ನ ಪರಾಗದಿಂದಲೇ ಕಾಯಿ ಕಚ್ಚಬಲ್ಲುದು. ಕಾಯಿ ಕಚ್ಚಿದ ಮೇಲೆ ಬಟ್ಟೆಯನ್ನು ತೆಗೆದು, ಆ ಕಾಯಿಗಳಿಗೆ ದಾರ ಕಟ್ಟಿ ಗುರುತಿಡಬೇಕು.

(ಇ) ಎಲೆ ಮುರುಟು ರೋಗವಿಲ್ಲದ, ತಳಿಯ ಲಕ್ಷಣಗಳೆಲ್ಲಾ ಇರುವ ಇಪ್ಪತ್ತು ಮೂವತ್ತು ಗಿಡಗಳನ್ನಾದರೂ ಆರಿಸಬೇಕು. ಒಂದೆರಡು ಗಿಡಗಳ ಬೀಜವನ್ನೇ ನೆಚ್ಚಿಕೊಳ್ಳಬಾರದು.

(ಈ) ಬ್ಯಾಡಗಿಯಂಥ ಮೃದುವಾದ ತಳಿಗಳಲ್ಲಿ, ಆರಿಸಿದ ಪ್ರತಿ ಗಿಡದ ಒಂದು ಕಾಯಿಯನ್ನು ಸೀಳಿ, ಬಿಳಿಯ ತಿರುಳಿನ ಸಣ್ಣ ಚೂರನ್ನು ನಾಲಗೆಯ ತುದಿಗೆ ಮುಟ್ಟಿಸಿ ನೋಡಬಹುದು. ಮಿಕ್ಕವುಗಳಿಗಿಂತ ಹೆಚ್ಚು ಉರಿಯುವ ಗಿಡವನ್ನು ಬೀಜಕ್ಕೆ ಬಿಡಬಾರದು.

(ಉ) ಅಂಗಡಿಯಲ್ಲಿ ಕೊಂಡ ಸಂಕರ ತಳಿಯ ಕಾಯಿಯಿಂದ ಬೀಜ ತೆಗೆಯಬಾರದು. ಎರಡನೆಯ ತಲೆಯಲ್ಲಿ ಅದರ ಗುಣಗಳು ಚದರಿಹೋಗಿ, ಒಂದೊಂದು ಗಿಡವು ಒಂದೊಂದು ಬಗೆಯಾಗುತ್ತದೆ.

ಎರಡು ತಳಿಗಳ ಖಾರವನ್ನು ಹೋಲಿಸಲಿಚ್ಛಿಸುವವರು ಅವುಗಳನ್ನು ಒಂದೇ ಹೊಲದಲ್ಲಿ, ಒಂದೇ ದಿನ ನಾಟಿಮಾಡಿ, ಒಂದೇ ಬಗೆಯಾಗಿ ನೀರು ಗೊಬ್ಬರ ಕೊಟ್ಟು, ಅನೇಕ ಗಿಡಗಳಿಂದ ಸಮನಾಗಿ ಹಣ್ಣಾದ ಕಾಯಿಗಳನ್ನು ಬಿಡಿಸಿ ಒಣಗಿಸಿ, ಪ್ರಯೋಗಶಾಲೆಗೆ ಕಳುಹಿಸತಕ್ಕದ್ದು. ಹೀಗೆ ಪರೀಕ್ಷಿಸಿದ ಕಾಯಿಯ ಬೀಜವನ್ನು ಬಿತ್ತನೆಗೆ ಇಡಬಾರದು.

೭. ಅತಿ ಖಾರದ ಕಾಯಿಗಳನ್ನು ಮುಟ್ಟುವಾಗ

ಭೂತ್ ಜೊಲೊಕಿಯಾ ಮೊದಲಾದ ಕಾಯಿಗಳನ್ನು ಬರಿಗೈಯಿಂದ ಬಿಡಿಸಬಾರದು. ಸಾಧಾರಣ ಕಾಯಿಯ ತೊಟ್ಟು ಬಿಡಿಸುವ ಹೆಂಗಸರಿಗೂ ಕೈಯುರಿ, ಕೆಮ್ಮು, ಕಣ್ಣುರಿಗಳು ತಪ್ಪಿದ್ದಲ್ಲ. ಕೆಲಸ ಮಾಡಿಸುವವರು ಅವರಿಗೆ ಕೈಚೀಲವನ್ನೂ ಮೂಗುಬಾಯಿಗೆ ಬಟ್ಟೆಯನ್ನೂ ಗಾಳಿಯಾಡುವ ಜಾಗವನ್ನೂ ಒದಗಿಸುವುದು ಕರ್ತವ್ಯ. ಖಾರ ಹತ್ತಿದ ಕೈಗೆ ಮೊದಲು ಎಣ್ಣೆ ಸವರಿ ಒರೆಸಿ, ಆಮೇಲೆ ಸಾಬೂನಿನಿಂದ ತೊಳೆಯಬೇಕು. ಬರಿಯ ನೀರಿನಿಂದ ಹೋಗುವುದಿಲ್ಲ.

ಪಂದ್ಯ ಕಟ್ಟಿ ಅತಿ ಖಾರದ ಕಾಯಿಯನ್ನು ತಿನ್ನುವುದನ್ನು ಗ್ರಾಮದ ಹಿರಿಯರು ತಡೆಯತಕ್ಕದ್ದು. ೨೦೨೩ರಲ್ಲಿ ಅಮೆರಿಕಾದಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನು ಪಂದ್ಯದ ಸಲುವಾಗಿ ಇಂಥ ಖಾರ ಹಚ್ಚಿದ ತಿಂಡಿಯನ್ನು ತಿಂದು, ಅದೇ ದಿನ ಹೃದಯ ನಿಂತು ಮೃತನಾದನು. ಅವನಿಗೆ ಹುಟ್ಟಿನಿಂದಲೂ ಹೃದಯದ ದೋಷವಿದ್ದಿತೆಂಬುದು ತರುವಾಯ ತಿಳಿದುಬಂದಿತು. ಯಾವ ಮಗುವಿಗೆ ಅಂಥ ದೋಷವಿದೆಯೆಂಬುದು ಹೊರನೋಟಕ್ಕೆ ತಿಳಿಯುವುದಿಲ್ಲ.

೮. ಗ್ರಾಮದ ಮುಖ್ಯಸ್ಥರು ಮಾಡತಕ್ಕ ಕೆಲಸ

ಬೀಜದ ಶುದ್ಧತೆಯು ಒಬ್ಬ ರೈತನಿಂದ ಸಾಧಿಸುವ ಕೆಲಸವಲ್ಲ. ಒಬ್ಬನು ಎಷ್ಟೇ ಎಚ್ಚರಿಕೆಯಿಂದಿದ್ದರೂ ಪಕ್ಕದ ಹೊಲದವನು ಬೇರೆ ತಳಿಯನ್ನು ಹಾಕಿದರೆ ಅವನ ಶ್ರಮವೆಲ್ಲಾ ವ್ಯರ್ಥವಾಗುತ್ತದೆ. ಆದ್ದರಿಂದ ಒಟ್ಟಲು ಪಾತಿ ಹಾಕುವ ಮೊದಲು ಮುಖ್ಯಸ್ಥರು ಬೆಳೆಗಾರರನ್ನೆಲ್ಲಾ ಸೇರಿಸಿ, ಯಾವ ದಿಕ್ಕಿನ ಹೊಲಗಳಲ್ಲಿ ಯಾವ ತಳಿಯನ್ನು ಹಾಕತಕ್ಕದ್ದೆಂದು ಗೊತ್ತುಮಾಡುವುದು ಉತ್ತಮ. ಊರಿನ ಬೀಜಕ್ಕಾಗಿ ಮಿಕ್ಕ ಮೆಣಸಿನ ಹೊಲಗಳಿಂದ ದೂರವಾದ ಒಂದು ತುಂಡು ಜಮೀನನ್ನು ಮೀಸಲಾಗಿಟ್ಟು, ನಂಬಿಕೆಯುಳ್ಳ ರೈತನಿಗೆ ಒಪ್ಪಿಸಿದರೆ ಖರ್ಚೂ ಕಡಿಮೆಯಾಗುವುದು.

ಸೂಜಿಮೆಣಸೋ ಭೂತ್ ಜೊಲೊಕಿಯಾವೋ ಬೇಕೆಂಬ ಹವ್ಯಾಸವುಳ್ಳವರು ಅದನ್ನು ಮನೆಯ ಹಿತ್ತಲಿನಲ್ಲಿ ನಾಲ್ಕು ಗಿಡ ಬೆಳೆಸಲು ಅಡ್ಡಿಯಿಲ್ಲ. ಆದರೆ ಆ ಹಿತ್ತಲು ಬೀಜದ ಹೊಲಕ್ಕೆ ಸಮೀಪವಾಗಿರಕೂಡದು. ಮೊದಲು ಕೊಳ್ಳುವವರನ್ನು ಗೊತ್ತುಮಾಡಿಕೊಳ್ಳದೆ ಎಕರೆಗಟ್ಟಲೆ ಅವನ್ನು ಬೆಳೆಯಲೂ ಕೂಡದು. ಪ್ರತಿಯೊಬ್ಬ ಬೆಳೆಗಾರನೂ ತನ್ನ ಕಾಯಿಯು ಬಣ್ಣಕ್ಕೆ ಮಾರುವುದೋ, ಖಾರಕ್ಕೆ ಮಾರುವುದೋ ಎಂಬುದನ್ನು ವರ್ತಕರಿಂದ ವಿಚಾರಿಸಿ ತಿಳಿದು, ಆ ಗುಣವುಳ್ಳ ತಳಿಯನ್ನೇ ಆರಿಸಿ, ಅದನ್ನು ಬೆರಕೆಯಾಗದಂತೆ ಕಾಪಾಡಿಕೊಂಡು ಬರತಕ್ಕದ್ದು. ಬರುವ ಹಂಗಾಮಿನ ಬೀಜಕ್ಕೆ ಬೇಕಾದ ಗಿಡಗಳನ್ನು ಈಗಿನ ಬೆಳೆಯಲ್ಲಿಯೇ ಆರಿಸಿ ಗುರುತಿಡುವುದು ಇದರಲ್ಲಿ ಮೊದಲನೆಯ ಕೆಲಸವಾಗಿರುತ್ತದೆ.